ವಲ್ಲಿಯೊಳಗಿನ ಮಾತು

ನಾನು ಎತ್ತಿನ ದಲಾಲಿ. ಹೀಗೆಂದ ಕೂಡಲೇ ಎದುರಿಗಿದ್ದವರು ನನ್ನ ಕನ್ನಡಕ ನೋಡುತ್ತಾರೆ, ಇಸ್ತ್ರಿ ಅಂಗಿ ನೋಡುತ್ತಾರೆ, ಆಮೇಲೆ ತಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಎಂದು ಮತ್ತೊಮ್ಮೆ ಮುಖ ನೋಡುತ್ತಾರೆ. ದಲಾಲಿ ಅಂದರೆ ಪ್ಲಾಟಿನದೋ ಭತ್ತದ್ದೋ ಇರಬೇಕು ಎಂಬುದು ಅವರ ಎಣಿಕೆ. ಎತ್ತಿನದೇ ಎಂದು ಖಾತ್ರಿಯಾದ ಮೇಲೆ, ಮೊದಲು ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೆ, ಬಿಟ್ಟೆ, ಎನ್ನುತ್ತೇನೆ. ಅಲ್ಲಿಂದ ಮುಂದೆ ಅವರು ಪಡುವ ಸಂಕಟ ನೋಡಬೇಕು. ನನ್ನ ಪಗಾರ ಅವರ ಮನೆಗೇ ಹೋಗುತ್ತಿತ್ತೇನೋ ಅನ್ನುವಷ್ಟು ಮರುಗುತ್ತಾರೆ. ಮೊನ್ನೆ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕುಳಿತ ಬೀಗರೊಬ್ಬರು, ಇದು ಟ್ರ್ಯಾಕ್ಟರ್ ಕಾಲ, ಎತ್ತು ಎಲ್ಲಿ ಉಳಿದಾವು, ಮುಂದೆ ಏನು ತಿಂತಿ ಎಂದು ಕೇಳಿದರು. ರೊಟ್ಟಿ ತಿಂತೀನಿ, ನಿಮ್ಮ ಎಲೆಗಂತೂ ಕೈ ಹಾಕಂಗಿಲ್ಲ, ಅಂದೆ. ಅವರು ತಮ್ಮ ಎಲೆಯನ್ನು ಸ್ವಲ್ಪ ಆ ಕಡೆ ಸರಿಸಿಕೊಂಡರು. ನನ್ನ ಬಾಯಿ ಸ್ವಲ್ಪ ಜೋರು, ಅದು ಮನೆಯವರಿಗೆಲ್ಲ ಗೊತ್ತಿರುವ ವಿಷಯ.

ಮಿಲ್ಲಿನ ಬಗ್ಗೆ ನಾನು ಕೆಟ್ಟ ಮಾತಾಡುವುದಿಲ್ಲ. ಸಾಹುಕಾರರು ಒಳ್ಳೆಯವರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಗಾದಿಗೆ ಕೂತರೆ ಸಂಜೆಯವರೆಗೆ ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ತಿಂಗಳು ಹುಟ್ಟುತ್ತಲೇ ಪಗಾರ, ದೀಪಾವಳಿಗೆ ಬಟ್ಟೆ, ಮನೆಯಲ್ಲಿ ಯಾರಿಗಾದರೂ ಆರಾಮಿಲ್ಲದಿದ್ದರೆ ಕೇಳದೆಯೇ ಕಾರು. ನನ್ನ ಜಾಗ ಲಾರಿ ತೂಗುವ ಕಾಟಾದ ಕಿಟಕಿಯಲ್ಲಿ. ಭತ್ತದ ಲಾರಿ ಬಂದು ನಿಲ್ಲುತ್ತದೆ, ಯಂತ್ರ ಅಂಕಿ ತೋರಿಸುತ್ತದೆ, ನಾನು ಒಂದು ಗುಂಡಿ ಒತ್ತುತ್ತೇನೆ, ಚೀಟಿ ಹೊರಗೆ ಬರುತ್ತದೆ, ಡ್ರೈವರ್ ಚೀಟಿ ಹರಿದುಕೊಂಡು ಹೋಗುತ್ತಾನೆ. ಮತ್ತೊಂದು ಲಾರಿ. ಸುಗ್ಗಿಯಲ್ಲಿ ಆ ಸಾಲು ರಸ್ತೆಯವರೆಗೂ ಇರುತ್ತಿತ್ತು. ಖುರ್ಚಿ ಇತ್ತು, ಫ್ಯಾನ್ ಇತ್ತು, ಸಂಜೆ ಹೊತ್ತಿಗೆ ಮೈಮೇಲೆ ಒಂದು ಪದರ ತೌಡಿನ ಧೂಳು ಇರುತ್ತಿತ್ತು. ನಾನು ಅಲ್ಲಿ ಇದ್ದರೂ ಆ ಯಂತ್ರ ಅದೇ ಅಂಕಿ ತೋರಿಸುತ್ತಿತ್ತು, ಇಲ್ಲದಿದ್ದರೂ ಅದೇ ಅಂಕಿ ತೋರಿಸುತ್ತಿತ್ತು. ಇದು ತಲೆಗೆ ಹೊಕ್ಕ ದಿನದಿಂದ ಆ ಖುರ್ಚಿಯಲ್ಲಿ ಕೂರುವುದು ನನಗೆ ಕಷ್ಟವಾಯಿತು.

ನನ್ನೂರು ಮಸ್ಕಿಯ ಕಡೆಯ ಒಣಭೂಮಿ. ಕಾಲುವೆಯ ನೀರು ಅಲ್ಲಿಗೆ ಏರುವುದಿಲ್ಲ. ತೊಗರಿ, ಹತ್ತಿ, ಜೋಳ ಬೆಳೆಯುತ್ತೇವೆ. ಉಳುಮೆಗೆ ಟ್ರ್ಯಾಕ್ಟರ್ ಬಂದರೂ ಬೆಳೆ ಮೊಳಕಾಲುದ್ದ ಆದ ಮೇಲೆ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯಲು ಎತ್ತೇ ಬೇಕು. ಹಾಗಾಗಿ ನಮ್ಮ ಕಡೆ ಎತ್ತು ಇನ್ನೂ ಇವೆ, ಎತ್ತಿನ ಸಂತೆಯೂ ಇದೆ. ನನ್ನ ಸೋದರಮಾವ ಆ ಸಂತೆಗಳಲ್ಲಿ ಹೆಸರು ಮಾಡಿದ ದಲಾಲಿ. ನಾನು ಲಿಂಗಸುಗೂರಿನಲ್ಲಿ ಕಾಲೇಜು ಓದುವಾಗ ಸಂತೆಯ ದಿನ ತರಗತಿಯಲ್ಲಿ ಕಾಣಿಸುತ್ತಿರಲಿಲ್ಲ, ಅವನ ಹಿಂದೆ ಇರುತ್ತಿದ್ದೆ. ಅವನು ಕಲಿಸಿದ್ದು ಹಲ್ಲು ನೋಡುವುದು, ಮೈಮೇಲಿನ ಸುಳಿ ನೋಡುವುದು, ನಡಿಗೆ ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ ಕಲಿಸಿದ್ದು ಕೈ ಹಿಡಿಯುವುದು.

ಎತ್ತಿನ ಸಂತೆಯಲ್ಲಿ ರೇಟನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನ ಪರವಾಗಿ ದಲಾಲಿ ಹೋಗಿ ಮಾರುವವನ ಕೈಯ ಮೇಲೆ ತನ್ನ ವಲ್ಲಿ ಹೊದಿಸುತ್ತಾನೆ. ಹೆಗಲ ಮೇಲಿನ ಟವೆಲ್ಲಿಗೆ ನಾವು ವಲ್ಲಿ ಅನ್ನುತ್ತೇವೆ. ಅದರ ಕೆಳಗೆ ಇಬ್ಬರ ಕೈಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಮುಷ್ಟಿ ಹಿಡಿದರೆ ಐದು, ನಡುವಿನ ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಕಾಣುವುದು ಬೇರೆ ಬೇರೆ ದಿಕ್ಕಿಗೆ ನೋಡುತ್ತಿರುವ ಎರಡು ಮುಖಗಳು ಮಾತ್ರ. ವ್ಯಾಪಾರ ಕುದುರದಿದ್ದರೆ ಯಾರ ಎತ್ತಿಗೆ ಎಷ್ಟು ಕಡಿಮೆ ಕೇಳಿದರು ಎಂಬುದು ಇಬ್ಬರಲ್ಲೇ ಉಳಿಯುತ್ತದೆ. ಇನ್ನೊಂದು ರಿವಾಜು ಉಂಟು. ಇನ್ನೊಬ್ಬನ ಎತ್ತಿನ ಕುಂದನ್ನು ಸಂತೆಯಲ್ಲಿ ಬಾಯಿಬಿಟ್ಟು ಹೇಳಿದರೆ ಅವನ ಮನೆಯ ಮರ್ಯಾದೆ ತೆಗೆದಂತೆ. ಕುಂದು ಕಂಡರೆ ಆ ಜಾಗವನ್ನು ಒಂದು ಸಲ ಕೈಯಿಂದ ಮುಟ್ಟಬೇಕು, ಆಮೇಲೆ ಬೆರಳು ಕಡಿಮೆ ಮಾಡಬೇಕು. ತಿಳಿಯಬೇಕಾದವನಿಗೆ ತಿಳಿಯುತ್ತದೆ.

ಆ ಕೆಲಸದಲ್ಲಿ ನನಗೆ ಸಿಗುತ್ತಿದ್ದ ಖುಷಿಯನ್ನು ಹೇಗೆ ಹೇಳಲಿ? ಮುಖ ಎಷ್ಟೇ ನಾಟಕ ಮಾಡಲಿ, ವಲ್ಲಿಯೊಳಗೆ ಕೈ ಸಿಕ್ಕಿಬೀಳುತ್ತದೆ. ಮಾರಲೇಬೇಕಾಗಿ ಬಂದವನ ಅಂಗೈ ಬೆವರುತ್ತದೆ. ಮನಸ್ಸಿಲ್ಲದೆ ಬಂದವನ ಬೆರಳು ಸೆಟೆದಿರುತ್ತವೆ. ಇಬ್ಬರಿಗೂ ಅನ್ಯಾಯ ಆಗದ ಒಂದು ಅಂಕಿ ಎಲ್ಲೋ ಇರುತ್ತದೆ, ಅದನ್ನು ಕೈಯಿಂದ ತಡಕಿ ಹಿಡಿಯಬೇಕು. ಹಿಡಿದಾಗ ನನಗೆ ಹಸಿವು, ಬಿಸಿಲು, ಹೊತ್ತು ಯಾವುದರ ಪರಿವೆಯೂ ಇರುವುದಿಲ್ಲ. ಮಿಲ್ಲಿಗೆ ಸೇರಿದ ಮೇಲೂ ಸಂತೆಯ ದಿನ ರಜೆ ಹಾಕಿ ಮಸ್ಕಿಗೋ ಲಿಂಗಸುಗೂರಿಗೋ ಓಡುತ್ತಿದ್ದೆ. ನನ್ನ ಜ್ವರ ವಾರ ನೋಡಿಯೇ ಬರುತ್ತದೆ ಎಂದು ಸಾಹುಕಾರರು ನಗುತ್ತಿದ್ದರು. ಆದರೆ ಮಿಲ್ಲು ಬಿಡುವ ಧೈರ್ಯ ನನಗಿರಲಿಲ್ಲ. ಎತ್ತಿನ ದಲಾಲಿಗೆ ಒಂದು ತಿಂಗಳು ಕೈತುಂಬ ಸಿಕ್ಕರೆ ಎರಡು ತಿಂಗಳು ಏನೂ ಇರುವುದಿಲ್ಲ.

ಅಷ್ಟರಲ್ಲಿ ಮದುವೆಯ ಮಾತು ಬಂತು. ನಮ್ಮ ಕಡೆ ಈಗ ಹೆಣ್ಣಿನವರು ಕೇಳುವ ಮೊದಲ ಪ್ರಶ್ನೆಯೇ, ಹುಡುಗನಿಗೆ ಪಗಾರ ಎಷ್ಟು? ಹೊಲ ಎಷ್ಟಿದ್ದರೂ ಪಗಾರ ಇಲ್ಲದವನಿಗೆ ಹೆಣ್ಣಿಲ್ಲ. ನನ್ನ ಜೊತೆ ಓದಿದ ಎಷ್ಟೋ ಜನ ಇದೇ ಕಾರಣಕ್ಕೆ ಮದುವೆಯಿಲ್ಲದೆ ಕೂತಿದ್ದಾರೆ. ನನ್ನ ಅವ್ವ ಎಲ್ಲ ಕಡೆಯೂ ಮಿಲ್ಲಿನ ಪಗಾರವನ್ನೇ ಮುಂದಿಟ್ಟಳು. ಸಂತೆಯ ಸುದ್ದಿಯನ್ನು ಎತ್ತಲೇ ಇಲ್ಲ, ನನಗೂ ಎತ್ತಬೇಡ ಎಂದಿದ್ದಳು. ಕಡೆಗೆ ಜವಳಗೇರಾದಲ್ಲಿ ಒಂದು ಸಂಬಂಧ ಕೂಡಿಬಂತು. ಹುಡುಗಿಯ ತಂದೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ರೈತ, ಗತ್ತಿನ ಮನುಷ್ಯ. ಹುಡುಗಿ ಸಿಂಧನೂರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು, ದಿನವೂ ಊರಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು. ತಂದೆ ಒಂದು ದಿನ ಹೇಳದೆ ಕೇಳದೆ ಮಿಲ್ಲಿಗೆ ಬಂದು, ಕಾಟಾದ ಕಿಟಕಿಯ ಹೊರಗೆ ನಿಂತು ನಾನು ಗುಂಡಿ ಒತ್ತುವುದನ್ನು ನೋಡಿಕೊಂಡು ಹೋದರಂತೆ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಎಂದು ಅವರಿಗೆ ಬಹಳ ಹಿಡಿಸಿತು.

ಮಾತುಕತೆಯ ದಿನ ಅವರು ಒಂದೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದರು. ಹುಡುಗನಿಗೆ ಪಗಾರ ಇದೆ, ಇನ್ನು ತಮ್ಮ ಮಗಳು ಹಗಲು ರಾತ್ರಿ ಡ್ಯೂಟಿ ಎಂದು ಅಲೆಯುವುದು ಬೇಡ, ಮದುವೆಯಾದ ಮೇಲೆ ಮನೆಯಲ್ಲಿ ಸುಖವಾಗಿ ಇರಲಿ. ಅವ್ವ ತಲೆಯಾಡಿಸಿದಳು. ನಾನೂ ಆಡಿಸಿದೆ. ಒಳ್ಳೆಯ ತಂದೆ ಆಡುವ ಮಾತು ಅನ್ನಿಸಿತೇ ಹೊರತು ಬೇರೆ ಏನೂ ಹೊಳೆಯಲಿಲ್ಲ.

ನಂಬರು ಕೊಟ್ಟಿದ್ದರು, ಫೋನಿನಲ್ಲಿ ಮಾತಾಡುತ್ತಿದ್ದೆವು. ಅವ್ವನ ತಾಕೀತನ್ನು ಮೂರನೆಯ ಮಾತಿಗೇ ಮುರಿದೆ. ಸಂತೆಯ ವಿಷಯ ಎಲ್ಲ ಹೇಳಿಬಿಟ್ಟೆ. ಆಕೆ ಬೆರಳಿನ ಲೆಕ್ಕವನ್ನು ಎರಡೆರಡು ಸಲ ಕೇಳಿ ಕಲಿತಳು. ತನ್ನ ಆಸ್ಪತ್ರೆಯ ವಿಷಯ ಹೇಳಲು ಶುರು ಮಾಡಿದರೆ ಆಕೆಯ ದನಿಯೇ ಬೇರೆಯಾಗುತ್ತಿತ್ತು. ಒಂದು ದಿನ ಕಾಲು ಮುಂದಾಗಿ ಬಂದ ಕೂಸು, ಡಾಕ್ಟರಮ್ಮ ಬರುವಷ್ಟರಲ್ಲಿ ಇವಳ ಕೈಯಲ್ಲೇ ಹುಟ್ಟಿತ್ತು. ಅತ್ತಿತು ನೋಡ್ರಿ, ಅತ್ತೇಬಿಟ್ಟಿತು, ಎಂದು ಹೇಳುತ್ತ ಹೇಳುತ್ತ ಇವಳೇ ಅತ್ತಳು. ಆ ಫೋನು ಇಟ್ಟ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಸಂಬಂಧ ಅವ್ವನ ಸಮಾಧಾನಕ್ಕೆ ಆಗುತ್ತಿರುವುದಲ್ಲ. ಈಕೆ ನನಗೆ ಬೇಕು.

ಮರುವಾರ ಲಿಂಗಸುಗೂರು ಸಂತೆ. ಸಂಬಂಧ ಗಟ್ಟಿ ಮಾಡಲು ಕುಂಕುಮ ಹಚ್ಚುವ ಶಾಸ್ತ್ರಕ್ಕೆ ದಿನ ನೋಡುತ್ತಿದ್ದರು, ಆಗಲೂ ನಾನು ರಜೆ ಹಾಕಿ ಹೋದೆ. ನಮ್ಮ ಕಡೆಯ ರೈತನೊಬ್ಬ ಒಂದು ಜೋಡಿ ಬೇಕೆಂದು ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಕಲ್ಲುಭೂಮಿಯಲ್ಲಿ ತೊಗರಿ ಬೆಳೆಯುವವನು, ಹಿಂದಿನ ಜೋಡಿಯಲ್ಲಿ ಒಂದು ಎತ್ತು ಹಾವು ಕಚ್ಚಿ ಸತ್ತಿತ್ತು. ಸಂತೆ ತುಂಬ ತಿರುಗಿ, ಮೂಲೆಯಲ್ಲಿ ಒಂದು ಜೋಡಿ ಬಿಳಿ ಎತ್ತು ಕಂಡು ಅವನು ನಿಂತುಬಿಟ್ಟ. ನಾನೂ ನಿಂತೆ. ಅಂಥ ಎತ್ತು. ಮೈ ಮೇಲೆ ನೊಣ ಕೂತರೆ ಜಾರಬೇಕು, ಹಾಗೆ ತಿಕ್ಕಿ ತೊಳೆದು ಸಾಕಿದ್ದು. ಹಲ್ಲು ನೋಡಿದೆ, ಪ್ರಾಯದವು. ಹೆಗಲು ನೋಡಿದೆ, ಗಾಯವಿಲ್ಲ. ಬಗ್ಗಿ ಕಾಲು ನೋಡಿದಾಗ ಕುಂದು ಕಂಡಿತು. ಗೊರಸು ಅಗಲವಾಗಿ ಬಿಚ್ಚಿಕೊಂಡಿತ್ತು, ಉಗುರಿನಿಂದ ಒತ್ತಿದರೆ ಮೆತ್ತಗೆ. ಹುಟ್ಟಿದಾಗಿನಿಂದ ಭತ್ತದ ಗದ್ದೆಯ ಕೆಸರಲ್ಲೇ ನಡೆದ ಎತ್ತು. ಕೆಸರಲ್ಲಿ ಇವು ಆನೆಯ ಹಾಗೆ ಎಳೆಯುತ್ತವೆ. ನಮ್ಮ ಕಲ್ಲಿಗೆ ಬಂದರೆ ಲಾಳ ಬಡಿಸಿದರೂ ಒಂದು ಮಳೆಗಾಲ ಕುಂಟಬೇಕು, ಗೊರಸು ಗಟ್ಟಿಯಾಗುವ ತನಕ ಪೂರ್ತಿ ಕೆಲಸ ಆಗುವುದಿಲ್ಲ.

ಎದ್ದು ನಿಂತು, ಎತ್ತಿನ ಧಣಿ ಯಾರು ಎಂದು ತಿರುಗಿದರೆ, ಜವಳಗೇರಾದ ನನ್ನ ಮಾವನಾಗಬೇಕಾದವರು. ಹೊಸ ಟ್ರ್ಯಾಕ್ಟರ್ ತೆಗೆದುಕೊಂಡಿದ್ದರು. ಕಾಲುವೆ ಸೀಮೆಯಲ್ಲಿ ಎತ್ತು ಕೇಳುವವರಿಲ್ಲ, ಅದಕ್ಕೆ ಇಷ್ಟು ದೂರ ಹೊಡೆದುಕೊಂಡು ಬಂದಿದ್ದರು. ಅವರ ಕಣ್ಣು ನನ್ನ ಸಗಣಿ ಮೆತ್ತಿದ ಕೈಯನ್ನೂ ಹೆಗಲ ಮೇಲಿನ ವಲ್ಲಿಯನ್ನೂ ನೋಡಿತು. ಮಿಲ್ಲಿನಲ್ಲಿ ಫ್ಯಾನಿನ ಕೆಳಗೆ ಇರಬೇಕಾದ ಅಳಿಯ ಇಲ್ಲಿ ಎತ್ತಿನ ಕಾಲ ಸಂದಿಯಿಂದ ಎದ್ದು ಬಂದಿದ್ದ. ತಲೆನೋವೋ ಹೊಟ್ಟೆನೋವೋ ಹೇಳಿ, ಬೇರೆ ದಲಾಲಿಗೆ ಒಪ್ಪಿಸಿ ಹೋಗಬಹುದಿತ್ತು. ಇಲ್ಲವೆ ಗೊರಸು ಕಾಣಲಿಲ್ಲ ಎಂಬಂತೆ ಇದ್ದು, ಮಾವ ಕೇಳಿದ ರೇಟಿಗೆ ಕೊಡಿಸಿ ಇಡೀ ಜವಳಗೇರಾದಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳಬಹುದಿತ್ತು. ಪಕ್ಕದಲ್ಲಿ ನಮ್ಮ ರೈತ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಹೆಂಡತಿಯ ಒಡವೆ ಒತ್ತೆ ಇಟ್ಟು ಬಂದಿದ್ದೇನೆ ಎಂದು ದಾರಿಯಲ್ಲಿ ಹೇಳಿದ್ದ. ನಾನು ವಲ್ಲಿ ತೆಗೆದು ಮಾವನ ಕೈಯ ಮೇಲೆ ಹೊದಿಸಿದೆ.

ಅವರು ಹಿಡಿದ ಬೆರಳು ಎಷ್ಟು ಎಂದು ನಾನು ಹೇಳುವುದಿಲ್ಲ, ವಲ್ಲಿಯೊಳಗಿನದನ್ನು ಹೊರಗೆ ಹೇಳುವ ಪದ್ಧತಿ ಇಲ್ಲ. ಹೆಚ್ಚಾಗಿಯೇ ಕೇಳಿದರು. ನಾನು ಬಗ್ಗಿ ಎಡಗೈಯಿಂದ ಹತ್ತಿರದ ಎತ್ತಿನ ಗೊರಸನ್ನು ಮುಟ್ಟಿದೆ, ಬೆರಳು ಇಳಿಸಿದೆ. ಅವರ ಕೈ ಬಿಗಿಯಾಯಿತು. ಮತ್ತೆ ಅಷ್ಟೇ ಹಿಡಿದರು. ನಾನು ಮತ್ತೆ ಇಳಿಸಿದೆ. ಆ ಕೈ ಹೇಳುತ್ತಿದ್ದುದೆಲ್ಲ ನನಗೆ ತಿಳಿಯುತ್ತಿತ್ತು. ಅವರು ಮೋಸ ಮಾಡುತ್ತಿರಲಿಲ್ಲ, ಅವರ ಸೀಮೆಯಲ್ಲಿ ಆ ಗೊರಸು ಕುಂದೇ ಅಲ್ಲ. ಮನೆಯಲ್ಲಿ ಹುಟ್ಟಿ ಬೆಳೆದ ಎತ್ತಿನ ಬೆಲೆಯನ್ನು ಒಬ್ಬ ಹುಡುಗ ಇಳಿಸುತ್ತಿದ್ದಾನೆ ಎಂಬ ಸಂಕಟ ಅದು. ನಿಧಾನಕ್ಕೆ ಬೆರಳು ಸಡಿಲಾದವು. ಆಗ ನಾನೂ ಅರ್ಧ ಏರಿಸಿದೆ, ಅದು ಆ ಸಾಕಣೆಗೆ ಸಲ್ಲಬೇಕಾದ್ದು. ಬಹಳ ಹೊತ್ತಾದ ಮೇಲೆ ಅವರು ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. ವ್ಯಾಪಾರ ಮುಗಿಯಿತು. ನಮ್ಮ ರೈತನಿಗೆ ಮಾತ್ರ, ಎಡಗಡೆಯದಕ್ಕೆ ತಣ್ಣೀರು ಕುಡಿಸಬೇಡ, ಬೇನೆ ಬರುತ್ತದೆ ಎಂದು ಹೇಳಿ, ಹಗ್ಗ ಕೊಟ್ಟು, ತಿರುಗಿ ನೋಡದೆ ಹೋದರು.

ಸುದ್ದಿ ನನಗಿಂತ ಮುಂಚೆ ಮನೆಗೆ ಮುಟ್ಟಿತ್ತು. ಅವ್ವ ಊಟ ಬಿಟ್ಟು ಕೂತಿದ್ದಳು. ಕೈಗೆ ಬಂದ ಹೆಣ್ಣನ್ನು ಎತ್ತಿನ ಕಾಲಲ್ಲಿ ತುಳಿಸಿದಿ ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು. ಆದರೆ ಒಂದು ಮಾತು ನಿಜ. ಕೈ ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ಸಂತೆ ಬಿಟ್ಟರೆ ಆಕೆ ಸಿಕ್ಕಾಳು, ಬಿಡದಿದ್ದರೆ ಇಲ್ಲ. ಎರಡು ದಿನ ಕಾಟಾದ ಮುಂದೆ ಕೂತು ಇದನ್ನೇ ತೂಗಿದೆ. ಫೋನು ಮಾಡಿದರೆ ಆಕೆ ಎತ್ತಲಿಲ್ಲ. ಮೂರನೆಯ ದಿನ ಜವಳಗೇರಾದಿಂದ ಕರೆ ಬಂತು, ತಾಯಿ ಮಗ ಇಬ್ಬರೂ ಬೆಳಿಗ್ಗೆ ಬಂದು ಹೋಗಬೇಕೆಂದು.

ಹೋದೆವು. ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಆಕೆಯ ತಂದೆ ಕಂಬಕ್ಕೆ ಒರಗಿ ಕೂತಿದ್ದರು, ಆಕೆಯ ತಾಯಿ ಅಡುಗೆಮನೆಯಲ್ಲಿ ಇದ್ದರು. ನೀರು ಕೊಟ್ಟರು, ಕುಡಿದೆವು. ಆಮೇಲೆ ತಂದೆ ನೇರವಾಗಿ ನನಗೇ ಹೇಳಿದರು.

"ಎತ್ತಿನ ರೇಟು ಇಳಿಸಿದ್ದಕ್ಕ ನನಗ ಸಿಟ್ಟಿಲ್ಲ. ನೀ ಮಾಡಿದ್ದು ಖರೇನ ಐತಿ. ಆದ್ರ ಸಂತಿ ಸಂತಿ ತಿರುಗಾವಗ ಮಗಳನ್ನ ಕೊಡಾಕ ನನಗ ಭರೋಸಾ ಇಲ್ಲ. ಮಿಲ್ ಬಿಡಂಗಿಲ್ಲ, ಸಂತಿಗೆ ಕಾಲಿಡಂಗಿಲ್ಲ ಅಂತ ಇಲ್ಲೇ ಮಾತು ಕೊಡು. ನಾಳೇನ ಕುಂಕುಮ ಹಚ್ಚೂಣು."

ತಪ್ಪು ಮಾತಲ್ಲ. ನಾಳೆ ನನಗೆ ಮಗಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆನೋ ಏನೋ. ಅವ್ವ ನನ್ನ ಮೊಳಕೈ ಹಿಂಡುತ್ತಿದ್ದಳು. ಆ ಕಿಟಕಿ, ಆ ಗುಂಡಿ, ಆ ಚೀಟಿ, ಮುಂದಿನ ಮೂವತ್ತು ವರ್ಷ ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಅದರ ಪಕ್ಕದಲ್ಲೇ ಫೋನಿನಲ್ಲಿ ಅತ್ತವಳ ದನಿಯೂ ಇತ್ತು. ಆ ದನಿಗಾಗಿ ಇಷ್ಟನ್ನು ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ನಾನೇನೋ ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂಬ ಬಿಂಕವೂ ಅದರಲ್ಲಿ ಇತ್ತೆನ್ನಿ. ಮಾತು ಕೊಡಲು ಬಾಯಿ ತೆರೆದೆ.

"ಮಾತು ಕೊಡಬ್ಯಾಡ್ರಿ."

ಆಕೆ ಒಳಬಾಗಿಲಲ್ಲಿ ನಿಂತಿದ್ದಳು. ಡ್ಯೂಟಿಗೆ ಹೊರಡಲು ತಲೆ ಬಾಚಿಕೊಂಡು, ಹೆಗಲಿಗೆ ಬ್ಯಾಗು ಹಾಕಿಕೊಂಡಿದ್ದಳು. ತಂದೆ ತಿರುಗಿ ನೋಡಿದರು. ಸಂಬಂಧ ಬೇಡವೆಂದೇ ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ. ಅವ್ವನೂ ಹಾಗೆಯೇ ತಿಳಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕೆ ನನ್ನನ್ನು ನೋಡದೆ ತಂದೆಯ ಎದುರಿಗೆ ಬಂದು ಕುಳಿತಳು.

"ಇವ್ರಿಗೆ ಪಗಾರ ಐತಿ ಅಂತ ನನ್ನ ನೌಕ್ರಿ ಬಿಡಿಸಾಕತ್ತೀರಿ. ಇವ್ರಿಗೆ ಪಗಾರ ಇಲ್ಲಂದ್ರ ನನ್ನ ನೌಕ್ರಿ ಬಿಡಿಸಾಕ ಯಾರಿಗೂ ಬರಂಗಿಲ್ಲ. ನನಗ ಪಗಾರ ಇಲ್ಲದಾವನ ಬೇಕಪ್ಪ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತಿಂಗಳುಗಟ್ಟಲೆ ನಾನು ನನ್ನ ಖುಷಿಯನ್ನೂ ನನ್ನ ಪಗಾರವನ್ನೂ ಆ ಕಡೆ ಈ ಕಡೆ ಇಟ್ಟು ತೂಗುತ್ತ ಕೂತಿದ್ದೆ. ನನ್ನ ಪಗಾರಕ್ಕೆ ಆಕೆಯ ಕೆಲಸವನ್ನು ಬೆಲೆಯಾಗಿ ಕೊಟ್ಟು ಮುಗಿಸಿದ್ದು, ಅದಕ್ಕೆ ನಾನೇ ತಲೆಯಾಡಿಸಿದ್ದು, ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆಕೆಯ ತಂದೆ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ತಲೆ ಎತ್ತಿ, ಇವತ್ತು ಡ್ಯೂಟಿ ಎಷ್ಟೊತ್ತಿಗೆ ಎಂದು ಮಗಳನ್ನು ಕೇಳಿದರು. ಮಧ್ಯಾಹ್ನಕ್ಕೆ ಎಂದಳು.

"ಹಂಗಾರ ಇವ್ರ ಜೋಡಿ ಕುಂತು ಊಟ ಮಾಡಿ ಹೋಗು," ಅಂದರು. "ಕುಂಕುಮ ನಿನ್ನ ರಜಾ ನೋಡಿ ಹಚ್ಚೂಣು. ಲಗೂನ ಉಣ್ಣು, ಬಸ್ ತಪ್ಪೀತು."